ಮಾತ್ರೆಯ ಮೇಲಂಗಿ

ಔಷಧವೆಂದರೆ ಕಹಿ ಎಂಬ ಮಾತನ್ನು ನಾನು ಪುಸ್ತಕದಿಂದಲ್ಲ, ನಾಲಗೆಯಿಂದ ಕಲಿತವನು. ನಮ್ಮ ಬಾಲ್ಯದಲ್ಲಿ ಜ್ವರ ಬಂದರೆ ಮನೆಯಲ್ಲಿ ಅಮೃತಬಳ್ಳಿಯ ಕಷಾಯ ಕುದಿಯುತ್ತಿತ್ತು. ಅದಕ್ಕೂ ಜ್ವರ ಜಗ್ಗದಿದ್ದರೆ ಆಸ್ಪತ್ರೆಯಿಂದ ಮಾತ್ರೆ ಬರುತ್ತಿತ್ತು. ಕಷಾಯವನ್ನಾದರೂ ಮೂಗು ಹಿಡಿದುಕೊಂಡು ಒಂದೇ ಗುಟುಕಿಗೆ ಕುಡಿದುಬಿಡಬಹುದು. ಮಾತ್ರೆಯ ಕಹಿ ಹಾಗಲ್ಲ. ಎರಡು ಲೋಟ ನೀರು ಗಂಟಲಿಗಿಳಿದರೂ ಅದು ನಾಲಗೆಯ ಬುಡವನ್ನು ಬಿಟ್ಟು ಕದಲುತ್ತಿರಲಿಲ್ಲ. ಈ ಕಹಿಯ ರಾಜ್ಯದಲ್ಲಿ ನಮಗೆ ಪ್ರಿಯವಾದ ಪ್ರಜೆ ಒಂದೇ ಒಂದು ಇತ್ತು. ಅದು ಸಕ್ಕರೆಯ ಲೇಪವುಳ್ಳ ಜೀವಸತ್ವದ ಮಾತ್ರೆ. ನಾವು ಅದನ್ನು ಒಡನೆ ನುಂಗುತ್ತಿರಲಿಲ್ಲ. ಬಾಯಲ್ಲಿಟ್ಟುಕೊಂಡು ಸಿಹಿ ಮುಗಿಯುವವರೆಗೆ ಚೀಪಿ, ಒಳಗಿನ ನಾತ ಮೂಗಿಗೆ ಬಡಿದ ಮೇಲೆ ಅವಸರವಾಗಿ ನೀರು ಕುಡಿಯುತ್ತಿದ್ದೆವು. ಮಾತ್ರೆ ಮಾಡಿದವನು ಔಷಧದ ಸಲುವಾಗಿ ಸಕ್ಕರೆಯನ್ನು ಹಾಕಿದ್ದ; ನಾವು ಸಕ್ಕರೆಯ ಸಲುವಾಗಿ ಔಷಧವನ್ನು ಸಹಿಸುತ್ತಿದ್ದೆವು.

ಮಾತ್ರೆಯ ಮೇಲಿನ ಈ ಲೇಪ ಮಕ್ಕಳನ್ನು ಒಲಿಸಿಕೊಳ್ಳುವ ಉಪಾಯವಲ್ಲದೆ ಬೇರೇನೂ ಅಲ್ಲವೆಂಬ ಭಾವನೆ ಲೋಕದಲ್ಲಿ ಬಲವಾಗಿದೆ. ಅದಕ್ಕೆ ಕಾರಣವೂ ಉಂಟು. ಔಷಧಕ್ಕೆ ಅಂಗಿ ತೊಡಿಸುವ ಕೆಲಸ ಮೊದಲಾದುದೇ ರುಚಿಗಾಗಿ, ಅಂದಕ್ಕಾಗಿ. ಸುಮಾರು 1000 ವರ್ಷಗಳ ಹಿಂದೆ ಬಾಳಿದ ಪಾರಸೀಕ ವೈದ್ಯ ಇಬ್ನ್ ಸೀನಾ ಗುಳಿಗೆಗಳ ಮೇಲೆ ಚಿನ್ನ ಬೆಳ್ಳಿಯ ರೇಕನ್ನು ಹೊದಿಸುತ್ತಿದ್ದನೆಂದು ಔಷಧಗಳ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 19ನೆಯ ಶತಮಾನದಲ್ಲಿ ಯುರೋಪಿನ ಮಿಠಾಯಿಗಾರರ ಕಲೆ ಔಷಧ ತಯಾರಕರ ಕೈಗೆ ಬಂದಿತು. ಉರುಳುವ ತಾಮ್ರದ ಬಾಣಲೆಯಲ್ಲಿ ಗುಳಿಗೆಗಳನ್ನು ಹಾಕಿ, ಸಕ್ಕರೆಯ ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಎರೆದು, ಆರಿಸಿ, ಮತ್ತೆ ಎರೆಯುವುದೇ ಆ ಕಲೆ. ಧಾರವಾಡದ ಕಡೆ ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನು ಆ ಕಡೆ ಕೆಲಸದಲ್ಲಿದ್ದಾಗ ನೆರೆಮನೆಯ ಹಿರಿಯ ತಾಯಿಯೊಬ್ಬರು ಮಂದವಾದ ಉರಿಯ ಮುಂದೆ ಕುಳಿತು, ಎಳ್ಳಿನ ಮೇಲೆ ಪಾಕವನ್ನು ತೊಟ್ಟು ತೊಟ್ಟಾಗಿ ಬಿಡುತ್ತ, ಬೆರಳಿನಿಂದ ಆಡಿಸುತ್ತ, ದಿನಗಟ್ಟಲೆ ಆ ಕೆಲಸದಲ್ಲಿ ತೊಡಗಿರುತ್ತಿದ್ದರು. ಅಷ್ಟು ತಾಳ್ಮೆಯಿಂದ ಮಾಡಿದರೂ ಎಲ್ಲ ಕಾಳುಗಳ ಮೇಲೆ ಒಂದೇ ಸಮನಾಗಿ ಮುಳ್ಳು ಏಳುತ್ತಿರಲಿಲ್ಲ. ಒಂದು ಮಲ್ಲಿಗೆಯ ಮೊಗ್ಗಿನಂತೆ ಅರಳಿದ್ದರೆ ಇನ್ನೊಂದು ಬೋಳಾಗಿಯೇ ಉಳಿದಿರುತ್ತಿತ್ತು. ಈ ಬೋಳು ಕಾಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಕೆಲಸವಿದೆ.

ನಾವು ಇಂದು ನುಂಗುವ, ಅಚ್ಚಿನಲ್ಲಿ ಒತ್ತಿದ ಮಾತ್ರೆ ಹುಟ್ಟಿದುದು ಒಂದು ಪೆನ್ಸಿಲಿನ ದೆಸೆಯಿಂದ ಎಂದರೆ ನಂಬುವುದು ಕಷ್ಟ. ವಿಲಿಯಂ ಬ್ರಾಕಡನ್ ಎಂಬ ಇಂಗ್ಲಿಷ್ ಚಿತ್ರಕಾರನಿಗೆ ಒಳ್ಳೆಯ ಪೆನ್ಸಿಲಿನ ಕಡ್ಡಿ ಬೇಕಾಗಿತ್ತು. ಗ್ರಾಫೈಟಿನ ಪುಡಿಯನ್ನು ಅಚ್ಚಿನಲ್ಲಿಟ್ಟು ಒತ್ತಿ ಗಟ್ಟಿ ಮಾಡುವ ಯಂತ್ರವೊಂದನ್ನು ಅವನು ರೂಪಿಸಿದ. ಅದೇ ಒತ್ತಡಕ್ಕೆ ಔಷಧದ ಪುಡಿಯೂ ಗಟ್ಟಿಯಾಗುವುದೆಂದು ಕಂಡುಕೊಂಡು 1843ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದ. ಅಲ್ಲಿಂದ ಸುಮಾರು ಒಂದು ನೂರು ವರ್ಷ ಮಾತ್ರೆಗೆ ಸಕ್ಕರೆಯ ಅಂಗಿಯೇ ಗತಿಯಾಗಿತ್ತು. ಆ ಅಂಗಿಯೋ, ಕೆಲವೊಮ್ಮೆ ಮಾತ್ರೆಯಷ್ಟೇ ಭಾರ! 1950ರ ದಶಕದಲ್ಲಿ ಅಮೆರಿಕದ ಆಬಟ್ ಕಂಪನಿ ತೆಳುಪೊರೆಯ ಲೇಪವನ್ನು ಬಳಕೆಗೆ ತಂದಿತು. ಇದು ಮಾತ್ರೆಯ ತೂಕಕ್ಕೆ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಸೇರಿಸುತ್ತದೆ. ಇದರ ದಪ್ಪವನ್ನು ಮೈಕ್ರಾನಿನಲ್ಲಿ ಹೇಳುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನು. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಮೆ 70 ಮೈಕ್ರಾನು. ಮಾತ್ರೆಯ ಪೊರೆ ಸಾಮಾನ್ಯವಾಗಿ 20ರಿಂದ 100 ಮೈಕ್ರಾನು. ಹಾಗೆಂದರೆ, ಮಾತ್ರೆ ತೊಟ್ಟಿರುವುದು ಒಂದು ಕೂದಲೆಳೆಯಷ್ಟು ದಪ್ಪದ ಅಂಗಿ.

ಇಷ್ಟು ತೆಳುವಾದ ಈ ಅಂಗಿಗೆ ಎಂತಹ ಹೊಣೆಯನ್ನು ಹೊರಿಸಿದ್ದಾರೆಂಬುದನ್ನು ನೋಡಬೇಕು. ಜಠರದಲ್ಲಿ ಆಮ್ಲ ಹೆಚ್ಚಾದವರಿಗೆ ವೈದ್ಯರು ಪ್ಯಾಂಟೊಪ್ರಜೋಲ್ ಎಂಬ ಮಾತ್ರೆಯನ್ನು ಬರೆದುಕೊಡುತ್ತಾರೆ. ಅರುವತ್ತು ದಾಟಿದವರ ಮನೆಗಳಲ್ಲಿ ಬೆಳಗಿನ ಕಾಫಿಗಿಂತ ಮೊದಲು ಇದಕ್ಕೇ ಪ್ರಾಶಸ್ತ್ಯ. ಆಮ್ಲವನ್ನು ತಗ್ಗಿಸಬೇಕಾದ ಈ ಔಷಧಕ್ಕೆ ಆಮ್ಲವೇ ಮೃತ್ಯು. ಬರಿಯ ಮೈಯಲ್ಲಿ ಜಠರಕ್ಕೆ ಬಿದ್ದರೆ ಅದು ಅಲ್ಲಿಯೇ ಕೆಟ್ಟುಹೋಗುತ್ತದೆ. ಆದುದರಿಂದ ಅದು ಶತ್ರುವಿನ ಕೋಟೆಯನ್ನು ಎದುರಿನಿಂದ ಹೊಗುವುದಿಲ್ಲ. ವೇಷ ಮರೆಸಿಕೊಂಡು ಜಠರವನ್ನು ದಾಟಿ, ಸಣ್ಣ ಕರುಳಿಗೆ ಇಳಿದು, ಅಲ್ಲಿ ಅಂಗಿಯನ್ನು ಕಳಚಿ, ರಕ್ತದಲ್ಲಿ ಬೆರೆತು, ಹಿಂಬಾಗಿಲಿನಿಂದ ಜಠರದ ಆಮ್ಲ ಸುರಿಸುವ ಜೀವಕೋಶಗಳನ್ನು ತಲುಪುತ್ತದೆ. ಆಮ್ಲದಲ್ಲಿ ಕರಗದೆ, ಆಮ್ಲ ಕಡಮೆಯಾದ ಎಡೆಯಲ್ಲಿ ಕರಗುವಂತಹ ವಸ್ತುವಿನಿಂದ ಈ ಅಂಗಿಯನ್ನು ನೇಯುತ್ತಾರೆ. ಹಿಂದೆ ಇದಕ್ಕೆ ಅರಗನ್ನೂ ಬಳಸುತ್ತಿದ್ದರು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗೇ ಅದು. ಪಾಂಡವರನ್ನು ಸುಡಲು ಕಟ್ಟಿದ ಮನೆಯ ಅರಗೂ ಅದೇ.

ಆಸ್ಪಿರಿನ್ನಿನ ಕೆಲವು ಮಾತ್ರೆಗಳಿಗೂ ಇಂತಹ ಹೊದಿಕೆ ಉಂಟು. ಆದರೆ ಅಲ್ಲಿ ಕಾರಣ ತಿರುವುಮುರುವು. ಪ್ಯಾಂಟೊಪ್ರಜೋಲನ್ನು ಜಠರದಿಂದ ಕಾಪಾಡಬೇಕು; ಆಸ್ಪಿರಿನ್ನಿನಿಂದ ಜಠರವನ್ನು ಕಾಪಾಡಬೇಕು. ಇನ್ನು ಕೆಲವು ಮಾತ್ರೆಗಳಲ್ಲಿ ಔಷಧವನ್ನು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುವ ಕೆಲಸವೂ ಹೊದಿಕೆಯದೇ. ಇಂತಹ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಅರೆಯುವುದೂ ಮುರಿಯುವುದೂ ಸಲ್ಲದು. ಹೊದಿಕೆ ಹರಿದ ಮೇಲೆ ಅದು ಬೇರೆಯೇ ಔಷಧವಾಗುತ್ತದೆ.

ಈ ಸಂಗತಿಗಳಲ್ಲಿ ನನಗೆ ಆಸಕ್ತಿ ಹುಟ್ಟಿದುದು ಪುಸ್ತಕದಿಂದಲ್ಲ, ನನ್ನ ಅಕ್ಕನಿಂದ. ನನಗಿಂತ ಎಂಟು ವರ್ಷ ಹಿರಿಯಳಾದ ಅಕ್ಕ ನಮ್ಮೊಡನೆಯೇ ಇದ್ದಾಳೆ. ಅವಳಿಗೆ ಮಂಡಿನೋವು ಬಹುಕಾಲದ ಸಂಗಾತಿ. ಅದಕ್ಕಾಗಿ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಗಳು ಅವಳ ಜಠರದಲ್ಲಿ ಹುಣ್ಣು ಮಾಡಿದವು. ಒಂದು ರಾತ್ರಿ ರಕ್ತವನ್ನು ಕಾರಿಕೊಂಡಳು. ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದ ಮೇಲೆ ದಿನವೂ ಬರಿಯ ಹೊಟ್ಟೆಯಲ್ಲಿ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳಬೇಕೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಅಂದಿನಿಂದ ಆ ಪುಟ್ಟ ಹಳದಿ ಮಾತ್ರೆ ನಮ್ಮ ಮನೆಯಲ್ಲಿ ದೇವರ ಪ್ರಸಾದದಷ್ಟೇ ಗೌರವಕ್ಕೆ ಪಾತ್ರವಾಗಿದೆ.

ಒಂದು ಮಳೆಗಾಲದ ಬೆಳಗ್ಗೆ ಅಕ್ಕ ಹೊಸ ಸ್ಟ್ರಿಪ್ಪಿನಿಂದ ಮಾತ್ರೆಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಮಾತ್ರೆಯ ಸೊಂಟದ ಸುತ್ತ ಹಳದಿಯ ಪೊರೆ ಬಿರುಕು ಬಿಟ್ಟಿತ್ತು. ಬೆರಳು ತಾಗಿದೊಡನೆ ಈರುಳ್ಳಿಯ ಸಿಪ್ಪೆಯಂತೆ ಒಂದು ಚೂರು ಎದ್ದುಬಂದಿತು. ಒಳಗಿನ ಬಿಳಿ ಕಾಣಿಸಿತು. ಅದೇ ಸ್ಟ್ರಿಪ್ಪಿನ ಉಳಿದ ಮಾತ್ರೆಗಳನ್ನು ಬಿಡಿಸಿ ನೋಡಿದೆವು. ಅವುಗಳಲ್ಲಿ ಯಾವ ಊನವೂ ತೋರಲಿಲ್ಲ. ಔಷಧದ ಅಂಗಡಿಯವನು ಸಜ್ಜನ. ಮರುಮಾತಿಲ್ಲದೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಕಂಪನಿಯ ಮಾತ್ರೆಗಳನ್ನು ಕೊಟ್ಟ. ವಿಷಯ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಅಕ್ಕ ಬಿಡಲಿಲ್ಲ.

“ಅಲ್ಲವೋ, ಸಿಪ್ಪೆ ಎದ್ದದ್ದು ಕಣ್ಣಿಗೆ ಕಂಡಿತು, ಹಿಂದಕ್ಕೆ ಕೊಟ್ಟೆವು. ಕಣ್ಣಿಗೆ ಕಾಣದ ಹಾಗೆ ಸಿಪ್ಪೆ ತೆಳ್ಳಗಾಗಿದ್ದರೆ ಏನು ಮಾಡುವುದು? ಅದನ್ನು ಯಾರು ನೋಡುತ್ತಾರೆ?” ಎಂದು ಕೇಳಿದಳು.

ಮೂವತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿದವನು ನಾನು. ಈ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಅದೃಷ್ಟವಶಾತ್ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಔಷಧ ತಯಾರಿಸುವ ಕಾರ್ಖಾನೆಯಲ್ಲಿ ಗುಣಪರೀಕ್ಷೆಯ ವಿಭಾಗದಲ್ಲಿದ್ದಾನೆ. ಅಕ್ಕನಿಗೆ ಸಿಕ್ಕ ಮಾತ್ರೆ ಅವನ ಕಾರ್ಖಾನೆಯದಲ್ಲ. ಹಬ್ಬಕ್ಕೆ ಊರಿಗೆ ಬಂದವನು ನಮ್ಮ ಮನೆಗೂ ಬಂದ. ನಾನು ಅವನಿಗೆ ಸಂಧಿ, ಸಮಾಸ ಕಲಿಸಿದ್ದೆ. ಅಂದು ಜಗುಲಿಯ ಮೇಲೆ ಕುಳಿತು ಅವನು ನನಗೆ ಮಾತ್ರೆಯ ವ್ಯಾಕರಣವನ್ನು ಹೇಳಿಕೊಟ್ಟ.

ಕಾರ್ಖಾನೆಯಲ್ಲಿ ಮಾತ್ರೆಗಳಿಗೆ ಲೇಪ ಹಾಕುವುದು ದೊಡ್ಡದೊಂದು ಉರುಳುವ ಪೀಪಾಯಿಯಲ್ಲಿ. ಅದರ ಮೈತುಂಬ ತೂತುಗಳು. ಲಕ್ಷಗಟ್ಟಲೆ ಮಾತ್ರೆಗಳು ಒಂದರ ಮೇಲೊಂದು ಹೊರಳುತ್ತಿರುತ್ತವೆ. ಮೇಲಿನಿಂದ ಲೇಪದ ದ್ರವ ಮಂಜಿನಂತೆ ಸಿಂಪಡಿಸುತ್ತಿರುತ್ತದೆ. ಬಿಸಿಗಾಳಿ ಅದನ್ನು ಆಗಿಂದಾಗಲೇ ಒಣಗಿಸುತ್ತಿರುತ್ತದೆ. ಪ್ರತಿಯೊಂದು ಮಾತ್ರೆಯೂ ಹೊರಳಿ ಹೊರಳಿ ಮೇಲಕ್ಕೆ ಬಂದಾಗ ಒಂದು ಕ್ಷಣ ಆ ಮಂಜಿಗೆ ಮೈಯೊಡ್ಡಿ ಮತ್ತೆ ರಾಶಿಯಲ್ಲಿ ಮುಳುಗುತ್ತದೆ. ಗಂಟೆಗಟ್ಟಲೆ ಹೀಗೆ ನಡೆದಾಗ ಎಲ್ಲವಕ್ಕೂ ಸಾಕಷ್ಟು ಲೇಪ ಸಿಗುತ್ತದೆಂಬುದು ಲೆಕ್ಕಾಚಾರ. ದ್ರವ ಹೆಚ್ಚಾದರೆ ಮಾತ್ರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಳಿಯ ಬಿಸಿ ಹೆಚ್ಚಾದರೆ ಹನಿಗಳು ಹರಡುವ ಮೊದಲೇ ಒಣಗಿ ಮೈ ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ. ನನಗೆ ಆ ನೆರೆಮನೆಯ ತಾಯಿ ನೆನಪಾದರು. ಅವರ ಬೋಳು ಕಾಳು ಹಬ್ಬದ ಬಟ್ಟಲಿನಲ್ಲಿ ಯಾರಿಗೂ ಕೇಡು ಮಾಡದು. ಮಾತ್ರೆಗಳ ರಾಶಿಯಲ್ಲಿರುವ ಬೋಳು ಕಾಳು ಹಾಗಲ್ಲವಲ್ಲ!

“ಲೇಪ ಸಾಕಾಯಿತೆಂದು ಹೇಗೆ ತಿಳಿಯುತ್ತದೆ?” ಎಂದು ಕೇಳಿದೆ.

“ನಡುನಡುವೆ ನೂರಾರು ಮಾತ್ರೆಗಳನ್ನು ತೆಗೆದು ತೂಗುತ್ತೇವೆ ಮೇಷ್ಟ್ರೇ. ಮೊದಲಿನ ತೂಕಕ್ಕಿಂತ ಎಷ್ಟು ಹೆಚ್ಚಾಯಿತೋ ಅಷ್ಟು ಲೇಪ ಹತ್ತಿತೆಂದು ಲೆಕ್ಕ. ಆಮೇಲೆ ಆರು ಮಾತ್ರೆಗಳನ್ನು ತೆಗೆದುಕೊಂಡು ಜಠರದ ಆಮ್ಲದಷ್ಟೇ ಹುಳಿಯಾದ ದ್ರವದಲ್ಲಿ, ಮೈಬಿಸಿಯಷ್ಟೇ ಬಿಸಿಯಲ್ಲಿ ಎರಡು ಗಂಟೆ ಇಡುತ್ತೇವೆ. ಹೊದಿಕೆ ತಡೆದರೆ, ಕರುಳಿನಂತಹ ದ್ರವಕ್ಕೆ ಹಾಕಿ ಕರಗುತ್ತದೆಯೇ ಎಂದು ನೋಡುತ್ತೇವೆ. ಮೊದಲ ಹಂತದಲ್ಲಿ ಆರೂ ಸರಿಯಾಗಿದ್ದರೆ ಬ್ಯಾಚ್ ಗೆದ್ದಂತೆ.”

ಅನ್ನ ಬೆಂದಿದೆಯೇ ಎಂದು ನೋಡುವವರು ಪಾತ್ರೆಯ ಒಂದು ಅಗುಳನ್ನು ಹಿಸುಕಿ ನೋಡುತ್ತಾರೆ. ನಮ್ಮ ಹಿರಿಯರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟರು. ಕುದಿಯುವ ನೀರು ಪಾತ್ರೆಯ ಎಲ್ಲ ಅಗುಳನ್ನೂ ಒಂದೇ ಸಮನಾಗಿ ಮುಟ್ಟುವುದರಿಂದ ಆ ನ್ಯಾಯ ಅಲ್ಲಿಗೆ ಸಲ್ಲುತ್ತದೆ. ಪೀಪಾಯಿಯಲ್ಲಿ ಹೊರಳುವ ಮಾತ್ರೆಗಳಿಗೆ ಅದು ಪೂರ್ತಿಯಾಗಿ ಸಲ್ಲದು. ಇನ್ನು ತೂಕದ ಮಾತು. ಮಾಸ್ತರಿಕೆಯ ಅನುಭವವುಳ್ಳ ಯಾರಿಗಾದರೂ ಅದರ ದೋಷ ಥಟ್ಟನೆ ಹೊಳೆಯುತ್ತದೆ. ತರಗತಿಯ ಸರಾಸರಿ ಅಂಕ ಐವತ್ತೈದು ಎಂದು ಇನ್ಸ್‌ಪೆಕ್ಟರರಿಗೆ ವರದಿ ಮಾಡಬಹುದು. ಅವರು ಸಂತೋಷಪಟ್ಟು ಹೋಗಲೂಬಹುದು. ಹಿಂದಿನ ಬೆಂಚಿನಲ್ಲಿ ಹನ್ನೆರಡು ಅಂಕ ತೆಗೆದುಕೊಂಡು ತಲೆತಗ್ಗಿಸಿ ಕುಳಿತಿರುವ ಹುಡುಗ ಆ ಸರಾಸರಿಯೊಳಗೆ ಎಲ್ಲಿಯೂ ಕಾಣುವುದಿಲ್ಲ. ಒಂದೇ ಮಾತ್ರೆಯ ಮೈಯಲ್ಲಿಯೂ ಹೀಗೆಯೇ: ಬೆನ್ನಿನ ಮೇಲೆ ಲೇಪ ದಪ್ಪವಾಗಿ, ಸೊಂಟದ ಮೇಲೆ ತೆಳುವಾಗಿ ಇದ್ದರೂ ತಕ್ಕಡಿ ಅದನ್ನು ಹೇಳಲಾರದು.

ಇದಕ್ಕಿಂತ ನನ್ನನ್ನು ಕಾಡಿದ ಸಂಗತಿ ಇನ್ನೊಂದು. ಆಮ್ಲದಲ್ಲಿ ಮುಳುಗಿಸಿ ಪರೀಕ್ಷಿಸಿದ ಮಾತ್ರೆ ಪರೀಕ್ಷೆಯಲ್ಲಿಯೇ ಕರಗಿ ಮುಗಿಯುತ್ತದೆ. ಪರೀಕ್ಷೆಗೆ ಒಳಗಾದ ಮಾತ್ರೆ ಯಾವ ರೋಗಿಯ ಹೊಟ್ಟೆಯನ್ನೂ ಸೇರುವುದಿಲ್ಲ. ರೋಗಿಯ ಹೊಟ್ಟೆಯನ್ನು ಸೇರುವ ಮಾತ್ರೆ ಆ ಪರೀಕ್ಷೆಗೆ ಒಳಗಾದುದಲ್ಲ. ಅಕ್ಕನ ಪ್ರಶ್ನೆಯ ತಿರುಳು ಇದೇ ಆಗಿತ್ತು.

ಮಾತ್ರೆಯನ್ನು ಕೊಲ್ಲದೆ ಅದರ ಅಂಗಿಯ ದಪ್ಪವನ್ನು ತಿಳಿಯಬೇಕಾದರೆ ಚಿತ್ರ ತೆಗೆಯಬೇಕು. ಮೊದಮೊದಲು ಇದೂ ಕೊಲೆಯ ದಾರಿಯೇ ಆಗಿತ್ತು. ಮಾತ್ರೆಯನ್ನು ಅಲಗಿನಿಂದ ಎರಡಾಗಿ ಸೀಳಿ, ಸೀಳಿದ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದರು, ಇಂದಿಗೂ ಇಡುತ್ತಾರೆ. ಪೊರೆ ಒಂದು ರಸ್ತೆಯಷ್ಟು ಅಗಲವಾಗಿ, ಒಳಗಿನ ಪುಡಿ ಕಲ್ಲುಗುಡ್ಡದಂತೆ ಕಾಣುತ್ತದೆ. ಚಿತ್ರವೇನೋ ಸೊಗಸು. ಆದರೆ ಸೀಳುವ ಅಲಗೇ ಪೊರೆಯನ್ನು ಎಳೆದು ಕೆಡಿಸಬಹುದು. ಸೀಳಿದ ಗೆರೆಯೊಂದನ್ನು ಬಿಟ್ಟು ಉಳಿದ ಮೈ ಕಾಣುವುದೂ ಇಲ್ಲ. ಕ್ಷ-ಕಿರಣಗಳಿಂದ ಸುತ್ತಲೂ ಚಿತ್ರ ತೆಗೆದು ಒಳಗಿನ ಆಕಾರವನ್ನು ಕಟ್ಟುವ ವಿಧಾನ ಸೀಳುವುದನ್ನು ತಪ್ಪಿಸಿತಾದರೂ ಅದು ಬಹಳ ಹೊತ್ತು ಹಿಡಿಯುವ ಕೆಲಸ.

ಈ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬೇರೊಂದು ದಾರಿ ತೆರೆಯಿತು. ರೇಡಿಯೊ ಅಲೆಗಳ ಜಾತಿಗೆ ಸೇರಿದ ಸೂಕ್ಷ್ಮತರಂಗಗಳಿಗೂ ಶಾಖವನ್ನು ಸಾಗಿಸುವ ಅವಕೆಂಪು ಕಿರಣಗಳಿಗೂ ನಡುವೆ ಒಂದು ಸೀಮೆ ಇದೆ. ಅಲ್ಲಿಯ ಅಲೆಗಳು ಸೆಕೆಂಡಿಗೆ ಲಕ್ಷ ಕೋಟಿ ಬಾರಿಯ ಲೆಕ್ಕದಲ್ಲಿ ಕಂಪಿಸುತ್ತವೆ. ಇವನ್ನು ಟೆರಾಹರ್ಟ್ಸ್ ಅಲೆಗಳೆನ್ನುತ್ತಾರೆ. ಅವನ್ನು ಹುಟ್ಟಿಸುವುದೂ ಹಿಡಿಯುವುದೂ ಕಷ್ಟವಾದುದರಿಂದ ಬಹುಕಾಲ ಅದು ಬಂಜರು ಸೀಮೆಯಾಗಿಯೇ ಉಳಿದಿತ್ತು. ಈ ಸೀಮೆಯ ಅಂಚಿನವರೆಗೆ, ಮಿಲಿಮೀಟರ್ ಲೆಕ್ಕದ ಅಲೆಗಳವರೆಗೆ, 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಕುಳಿತು ಹೋಗಿ ಬಂದಿದ್ದವರು ನಮ್ಮ ಜಗದೀಶಚಂದ್ರ ಬೋಸರು. ಟೆರಾಹರ್ಟ್ಸ್ ಅಲೆಗಳಿಗೆ ಒಂದು ಒಳ್ಳೆಯ ಗುಣವುಂಟು: ಕಾಗದ, ಪ್ಲಾಸ್ಟಿಕ್, ಮಾತ್ರೆಯ ಪೊರೆ ಇವುಗಳನ್ನು ಅವು ಹಾದುಹೋಗುತ್ತವೆ, ಪೊರೆಗೆ ಬಣ್ಣ ಬಳಿದಿದ್ದರೂ ಹಿಂಜರಿಯುವುದಿಲ್ಲ.

ಕೆಲಸ ನಡೆಯುವ ಬಗೆಯನ್ನು ತಿಳಿಯಲು ವಿಜಯಪುರದ ಗೋಲಗುಮ್ಮಟವನ್ನು ನೆನೆದರೆ ಸಾಕು. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಗೋಡೆಗೆ ಬಡಿದು ಹಲವು ಬಾರಿ ಮರಳಿ ಬರುತ್ತದೆ. ಚಪ್ಪಾಳೆಗೂ ಮರುದನಿಗೂ ನಡುವೆ ಎಷ್ಟು ಹೊತ್ತಾಯಿತೆಂದು ತಿಳಿದರೆ ಗೋಡೆ ಎಷ್ಟು ದೂರದಲ್ಲಿದೆಯೆಂದು ಹೇಳಬಹುದು. ಮಾತ್ರೆಯ ಮೇಲೆ ಟೆರಾಹರ್ಟ್ಸ್ ಅಲೆಯ ಒಂದು ಚಿಕ್ಕ ಮಿಡಿತವನ್ನು ಬಿಟ್ಟಾಗಲೂ ಮರುದನಿಗಳು ಬರುತ್ತವೆ. ಮೊದಲನೆಯದು ಪೊರೆಯ ಹೊರಮೈಯಿಂದ. ಎರಡನೆಯದು ಪೊರೆ ಮುಗಿದು ಔಷಧ ಮೊದಲಾಗುವ ಗಡಿಯಿಂದ. ಇವೆರಡರ ನಡುವಣ ಕಾಲವೇ ಪೊರೆಯ ದಪ್ಪದ ಅಳತೆ. 100 ಮೈಕ್ರಾನ್ ದಪ್ಪದ ಪೊರೆಯಲ್ಲಿ ಈ ಅಂತರ ಹೆಚ್ಚುಕಡಮೆ ಒಂದು ಪಿಕೊಸೆಕೆಂಡು. ಎಂದರೆ ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಷ್ಟು ಚಿಕ್ಕ ಕಾಲವನ್ನು ಅಳೆಯುವವರು ಲೋಕದಲ್ಲಿದ್ದಾರೆಂಬುದನ್ನು ಕೇಳಿದಾಗ, ಎರಡು ನಿಮಿಷ ತಡವಾಗಿ ಗಂಟೆ ಬಾರಿಸುತ್ತಿದ್ದ ನಮ್ಮ ಶಾಲೆಯ ಜವಾನನ ಬಗೆಗೆ ನನಗೆ ಇನ್ನಷ್ಟು ಪ್ರೀತಿ ಉಂಟಾಯಿತು.

ಯಂತ್ರದ ಕೈಯೊಂದು ಮಾತ್ರೆಯನ್ನು ಹಿಡಿದು ಅಲೆಗೆ ಎದುರಾಗಿ ತಿರುಗಿಸುತ್ತ ಹೋಗುತ್ತದೆ. ಮೈಮೇಲಿನ ಒಂದೊಂದು ಚುಕ್ಕೆಯ ದಪ್ಪವೂ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಬಣ್ಣಗಳಲ್ಲಿ ಬರೆದರೆ ಭೂಪಟದಲ್ಲಿ ಬೆಟ್ಟ ಕಣಿವೆಗಳನ್ನು ತೋರಿಸಿದಂತೆ ಮಾತ್ರೆಯ ನಕ್ಷೆ ಮೂಡುತ್ತದೆ. ವಿದ್ಯಾರ್ಥಿ ತನ್ನ ಫೋನಿನಲ್ಲಿ ಅಂತಹ ಒಂದು ಚಿತ್ರವನ್ನು ತೋರಿಸಿದ. ಮಾತ್ರೆಯ ಮೇಲುಮೈ ಕೆಂಪು, ಹಳದಿ. ಸೊಂಟದ ಸುತ್ತ ಮಾತ್ರ ನೀಲಿಯ ಒಂದು ಪಟ್ಟಿ. ನೀಲಿ ಎಂದರೆ ಅಲ್ಲಿ ತೆಳು. ಹೀಗೆ ಪರೀಕ್ಷಿಸಿದ ಮಾತ್ರೆಗಳಲ್ಲಿ ಮೇಲು ಕೆಳಗಿನ ಮುಖಗಳಿಗಿಂತ ಸೊಂಟದ ಪಟ್ಟಿಯಲ್ಲಿ ಲೇಪ ತೆಳುವಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಪೀಪಾಯಿಯಲ್ಲಿ ಮಾತ್ರೆ ಹೊರಳುವಾಗ ಅಗಲವಾದ ಮುಖಗಳೇ ಹೆಚ್ಚಾಗಿ ಮಂಜಿಗೆ ಎದುರಾಗುತ್ತವೆ. ಸೊಂಟಕ್ಕೆ ಸರದಿ ಕಡಮೆ. ಅಕ್ಕ ಕನ್ನಡಕವನ್ನು ಮೂಗಿಗೇರಿಸಿ ಆ ನೀಲಿ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಅವಳ ಮಾತ್ರೆ ಬಿರಿದಿದ್ದುದೂ ಅಲ್ಲಿಯೇ ಅಲ್ಲವೇ?

ಮೊದಲು ಒಂದು ಮಾತ್ರೆಯ ನಕ್ಷೆ ಬರೆಯಲು ಹತ್ತಾರು ನಿಮಿಷ ಹಿಡಿಯುತ್ತಿತ್ತು. ಲಕ್ಷ ಮಾತ್ರೆಗಳ ಕಾರ್ಖಾನೆಗೆ ಇದು ಹೇಗೆ ಸಾಕು? 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಗುಣವನ್ನು ಕೊನೆಯಲ್ಲಿ ಪರೀಕ್ಷಿಸಿ ಅರಿಯುವುದಕ್ಕಿಂತ ತಯಾರಿಕೆಯ ನಡುವೆಯೇ ಅಳೆಯುತ್ತ ಹೋಗಬೇಕೆಂದು ತಯಾರಕರಿಗೆ ಮಾರ್ಗದರ್ಶನ ಮಾಡಿತು. ವರ್ಷದ ಕೊನೆಯ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳದ ಮಾಸ್ತರಿಗೆ ಇದು ಬಹಳ ಒಪ್ಪಿಗೆಯಾಗುವ ಮಾತು. 2011ರ ಹೊತ್ತಿಗೆ ಸಂಶೋಧಕರು ಟೆರಾಹರ್ಟ್ಸ್ ಉಪಕರಣವನ್ನು ಉರುಳುವ ಪೀಪಾಯಿಯ ಬದಿಗೇ ಇಟ್ಟು, ತೂತುಗಳ ಮೂಲಕ ಇಣುಕಿ, ಹೊರಳುತ್ತಿರುವ ಒಂದೊಂದು ಮಾತ್ರೆಯ ಪೊರೆಯನ್ನೂ ಅಳೆದು ತೋರಿಸಿದರು. ಹಿಂದಿನ ಬೆಂಚಿನ ಹುಡುಗನ ಅಂಕ ಮೊದಲ ಬಾರಿಗೆ ಬೇರೆಯಾಗಿ ಓದಲು ಸಿಕ್ಕಿತು.

ಈ ಅಲೆಗಳಿಗೂ ಒಂದು ಕೊರತೆಯಿದೆ. ಪೊರೆ 30-40 ಮೈಕ್ರಾನಿಗಿಂತ ತೆಳುವಾದರೆ ಎರಡು ಮರುದನಿಗಳೂ ಒಂದರಲ್ಲೊಂದು ಬೆರೆತು ಬೇರೆ ಮಾಡಲಾಗದಂತೆ ಆಗುತ್ತವೆ. ಅಷ್ಟು ತೆಳುವಾದ ಪೊರೆಗೆ ಬೇರೆ ಉಪಕರಣ ಇದೆಯೆಂದು ಹೇಳಿ ವಿದ್ಯಾರ್ಥಿ ಅದರ ಹೆಸರನ್ನು ಉಚ್ಚರಿಸಿದಾಗ ನಾನು ಬೆರಗಾದೆ. ಅದು ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಚಿಕ್ಕದಾಗಿ ಓಸಿಟಿ. ಹಿಂದಿನ ವರ್ಷವಷ್ಟೇ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಗಲ್ಲವನ್ನು ಒಂದು ಆಸರೆಯ ಮೇಲಿಡಿಸಿ, ಒಂದು ಬೆಳಕಿನ ಗುರುತನ್ನು ನೋಡುತ್ತಿರಲು ಹೇಳಿ, ಕೆಲವೇ ಕ್ಷಣಗಳಲ್ಲಿ ಅಕ್ಷಿಪಟಲದ ಚಿತ್ರವನ್ನು ತೆಗೆದುದು ಇದೇ ಹೆಸರಿನ ಯಂತ್ರ. ಬೆಟ್ಟವನ್ನು ಕಡಿದು ರಸ್ತೆ ಮಾಡಿದ ಕಡೆ ಮಣ್ಣಿನ ಪದರಗಳು ಕಾಣುವಂತೆ ನನ್ನ ಕಣ್ಣಿನ ಪದರಗಳು ಪರದೆಯ ಮೇಲೆ ಕಂಡಿದ್ದವು. ಯಾರೂ ನನ್ನ ಕಣ್ಣನ್ನು ಮುಟ್ಟಿಯೂ ಇರಲಿಲ್ಲ.

ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಲೋಕಕ್ಕೆ ತಿಳಿಸಿದ ಈ ವಿಧಾನದಲ್ಲಿಯೂ ಕೆಲಸ ಮಾಡುವುದು ಮರುದನಿಯೇ. ಆದರೆ ಇದು ಬೆಳಕಿನ ಮರುದನಿ. ಅದನ್ನು ನೇರವಾಗಿ ಅಳೆಯುವಷ್ಟು ಚುರುಕಾದ ಗಡಿಯಾರವಿಲ್ಲ. ಆದುದರಿಂದ ಬೆಳಕನ್ನು ಎರಡು ಕವಲಾಗಿ ಒಡೆದು ಒಂದನ್ನು ಕನ್ನಡಿಯ ಕಡೆಗೂ ಒಂದನ್ನು ವಸ್ತುವಿನ ಕಡೆಗೂ ಕಳುಹಿಸುತ್ತಾರೆ. ಮರಳಿ ಬಂದ ಎರಡನ್ನೂ ಕೂಡಿಸಿ, ಯಾವ ಆಳದಿಂದ ಎಷ್ಟು ಬೆಳಕು ಬಂದಿತೆಂದು ಲೆಕ್ಕ ಹಾಕುತ್ತಾರೆ. ಕಣ್ಣಿಗಾಗಿ ಹುಟ್ಟಿದ ಈ ಉಪಕರಣವನ್ನು ಮಾತ್ರೆಯ ಕಡೆಗೆ ತಿರುಗಿಸಿ, ಪೀಪಾಯಿಯ ಪಕ್ಕದಲ್ಲಿಯೇ ನಿಲ್ಲಿಸಿದವರಲ್ಲಿ ಆಸ್ಟ್ರಿಯದ ಗ್ರಾಜ್ ನಗರದ ಸಂಶೋಧಕರ ಹೆಸರು ಮುಖ್ಯವಾದುದು. ಇದು ಅತಿ ವೇಗ, ಅತಿ ಸೂಕ್ಷ್ಮ. ಆದರೆ ಪೊರೆಯಲ್ಲಿ ಬಿಳಿ ಬಣ್ಣದ ಪುಡಿಯೋ ಕಬ್ಬಿಣದ ಬಣ್ಣದ ಪುಡಿಯೋ ಇದ್ದರೆ ಬೆಳಕು ಅಲ್ಲಿಯೇ ಚದರಿಹೋಗುತ್ತದೆ. ಒಂದು ಉಪಕರಣಕ್ಕೆ ಬಣ್ಣದ ಹಂಗಿಲ್ಲ, ತೆಳುವಾದುದು ಕಾಣದು. ಇನ್ನೊಂದಕ್ಕೆ ತೆಳುವಾದುದು ಕಾಣುತ್ತದೆ, ಬಣ್ಣವಿದ್ದರೆ ಕಣ್ಣು ಕಟ್ಟುತ್ತದೆ. ಎರಡನ್ನೂ ಒಂದೇ ಮಾತ್ರೆಯ ಮೇಲೆ ಬಳಸಿ ಹೋಲಿಸಿ ನೋಡುವವರೂ ಇದ್ದಾರೆ.

1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಾವು ಕಂಡ ಬೆಳಕಿನ ಚದರಿಕೆ ಮುಂದೊಂದು ದಿನ ಮಾತ್ರೆಯ ಅಂಗಿಯನ್ನು ಪರೀಕ್ಷಿಸುವುದೆಂದು, ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ನರು ಎಣಿಸಿದ್ದರೋ ಇಲ್ಲವೋ! ಲೇಪ ದಪ್ಪವಾದಂತೆಲ್ಲ ಒಳಗಿನ ಔಷಧದಿಂದ ಬರುವ ರಾಮನ್ ಬೆಳಕು ಕುಗ್ಗುತ್ತದೆ, ಲೇಪದಿಂದ ಬರುವ ಬೆಳಕು ಹಿಗ್ಗುತ್ತದೆ. ಅದನ್ನು ನೋಡಿಯೂ ಲೇಪದ ಏರಿಕೆಯನ್ನು ಹೇಳಬಹುದು. ಬೇರೆ ವಿಧಾನದ ಅಳತೆಯೊಡನೆ ಮೊದಲೇ ಹೊಂದಿಸಿಕೊಂಡಿರಬೇಕು, ಅಷ್ಟೇ.

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕ ನೇರವಾಗಿ ವಿಷಯಕ್ಕೆ ಬಂದಳು. “ಹಾಗಾದರೆ ನಾನು ನುಂಗುವ ಮಾತ್ರೆಯನ್ನು ಈ ಯಂತ್ರಗಳು ನೋಡಿವೆಯೇನಪ್ಪ?”

ಅವನು ಸುಳ್ಳು ಹೇಳುವ ಹುಡುಗನಲ್ಲ. “ಬೇರೆ ಕಂಪನಿಯವರದು ನನಗೆ ಗೊತ್ತಾಗುವುದಿಲ್ಲ ಅಮ್ಮ. ನಮ್ಮಲ್ಲಂತೂ ತಕ್ಕಡಿ, ಆ ಆರು ಮಾತ್ರೆ, ಮತ್ತೆ ನಮ್ಮ ಕಣ್ಣು. ಈ ಯಂತ್ರಗಳಿಗೆ ಬೆಲೆ ಬಹಳ. ಹೊಸ ಮಾತ್ರೆಯನ್ನು ರೂಪಿಸುವಾಗ, ಪೀಪಾಯಿ ಎಷ್ಟು ವೇಗವಾಗಿ ಉರುಳಬೇಕು, ಮಾತ್ರೆಯ ಆಕಾರ ಹೇಗಿರಬೇಕು ಎಂದು ಗೊತ್ತುಮಾಡುವಾಗ ಇವು ಸಹಾಯಕ್ಕೆ ಬರುತ್ತವೆ. ಅಲ್ಲಿ ಒಮ್ಮೆ ಸರಿಪಡಿಸಿದರೆ ಮುಂದೆ ಲಕ್ಷ ಮಾತ್ರೆಗಳಿಗೆ ಸರಿಹೋಗುತ್ತದೆ” ಎಂದ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, “ಆರಕ್ಕೆ ಬದಲು ಹತ್ತನ್ನಾದರೂ ನೋಡಬಾರದೇನೋ” ಎಂದಳು. ಅವನು ನಕ್ಕು, ಅನುಮಾನ ಬಂದರೆ ಇನ್ನಷ್ಟು ಮಾತ್ರೆಗಳನ್ನು ತೆಗೆದು ನೋಡುವ ನಿಯಮ ಇದೆಯೆಂದು ತಿಳಿಸಿದ. ಮಾತ್ರೆಗಳನ್ನು ಒಲೆಯ ಪಕ್ಕದ ಕಪಾಟಿನಲ್ಲಿ, ಹಬೆ ತಾಗುವಲ್ಲಿ ಇಡಬಾರದೆಂದೂ, ನುಂಗುವ ಹೊತ್ತಿಗಷ್ಟೇ ಸ್ಟ್ರಿಪ್ಪಿನಿಂದ ಬಿಡಿಸಬೇಕೆಂದೂ ಹೇಳಿ, ಅವಳು ಕೊಟ್ಟ ಒಬ್ಬಟ್ಟನ್ನು ಕಟ್ಟಿಸಿಕೊಂಡು ಹೊರಟ.

ಮಾರನೆಯ ದಿನವೇ ಅಕ್ಕನ ಔಷಧದ ಡಬ್ಬಿ ಅಡುಗೆಮನೆಯಿಂದ ನಡುಮನೆಯ ಗೂಡಿಗೆ ಬಂದಿತು. ಈಗ ಪ್ರತಿದಿನ ಬೆಳಗ್ಗೆ ಅವಳು ಕಿಟಕಿಯ ಬಳಿ ನಿಂತು ಹಳದಿ ಮಾತ್ರೆಯನ್ನು ಎರಡು ಬೆರಳುಗಳ ನಡುವೆ ಹಿಡಿದು, ಅದರ ಸೊಂಟವನ್ನು ಬಿಸಿಲಿಗೆ ತೋರಿಸುತ್ತ ಒಂದು ಸುತ್ತು ತಿರುಗಿಸುತ್ತಾಳೆ. ಕೆಲವು ದಿನ ಅನುಮಾನ ಬಂದರೆ ನನ್ನನ್ನೂ ಕರೆಯುತ್ತಾಳೆ. ನಾನು ಕನ್ನಡಕವನ್ನು ಒರೆಸಿಕೊಂಡು ನೋಡಿ, “ಸರಿಯಾಗಿದೆ ಅಕ್ಕ” ಎನ್ನುತ್ತೇನೆ. “ನಿನ್ನ ಕಣ್ಣಿಗೆ ಕಂಡಷ್ಟು ಸರಿಯಾಗಿದೆ ಎನ್ನು” ಎಂದು ತಿದ್ದಿ, ಅವಳು ನೀರಿನ ಲೋಟಕ್ಕೆ ಕೈಚಾಚುತ್ತಾಳೆ.